ಕಿರೀಟದೊಳಗಿನ ಕೊಂಬು

ರಾಜ ತನ್ನ ಕಿರೀಟವನ್ನು ತೆಗೆದು ದೇವರ ತಲೆಯ ಮೇಲಿಟ್ಟಾಗ ಸಿನಿಮಾ ಟೆಂಟಿನಲ್ಲಿ ಕೂತಿದ್ದವರೆಲ್ಲ ಕೈ ಮುಗಿದರು. ಹಿಂದಿನ ಕುರ್ಚಿ ಸಾಲಿನಲ್ಲಿ ಯಾರೋ ಗೋವಿಂದ ಗೋವಿಂದ ಅಂದರು. ಪರದೆಯ ಮುಂದೆ ನೆಲದ ಮೇಲೆ ಕೂತಿದ್ದ ಮುದ್ದಮ್ಮ ಮಾತ್ರ ಕೈ ಮುಗಿಯಲಿಲ್ಲ. ಎದ್ದು ನಿಂತಳು.

"ಕೂತ್ಕಳಮ್ಮೋ, ಇಂದಿರೋರ್ಗೆ ಕಾಣಾಕಿಲ್ಲ," ಎಂದು ಒಬ್ಬ ಕೂಗಿದ.

"ಅದು ನಮ್ ಕೊಂಬು," ಅಂದಳು ಮುದ್ದಮ್ಮ, ಯಾರಿಗೂ ಹೇಳುತ್ತಿಲ್ಲವೆಂಬಂತೆ.

ಪಕ್ಕದಲ್ಲಿದ್ದ ಮಾಯಮ್ಮ ಅವಳ ಸೆರಗು ಜಗ್ಗಿದಳು. ಇಬ್ಬರದೂ ಒಂದೇ ಕೇರಿ, ಅಕ್ಕಪಕ್ಕದ ಗುಡಿಸಲು. "ಯಾವ್ ಕೊಂಬಕ್ಕ? ಅದು ಕಿರೀಟ ಕಣಕ್ಕ. ಕೂತ್ಕ."

"ಕಿರೀಟ ಅಲ್ಲ ಕಣೆ. ನಮ್ಮನೆ ಕೊಂಬಿನ ಬಾಯಿ ಅದು. ಕುಯ್ದು, ತಲೆಕೆಳಗು ಮಾಡಿ ಮಡಗವ್ರೆ."

ಯಂತ್ರದ ಬೆಳಕಿಗೆ ಅಡ್ಡ ಬಂದಿದ್ದ ಅವಳ ತಲೆಯ ನೆರಳು ದೇವರ ಪಾದದ ಮೇಲೆ ಬಿದ್ದಿತ್ತು. ಅದನ್ನು ಕಂಡ ಕುರ್ಚಿಯವರು ಗಲಾಟೆ ಎಬ್ಬಿಸಿದರು. ಯಂತ್ರ ನಡೆಸುತ್ತಿದ್ದ ಗಂಗಯ್ಯ ತನ್ನ ಜಾಗ ಬಿಟ್ಟು ಬರುವಂತಿರಲಿಲ್ಲ. ಗೇಟಿನವನು ಬಂದು ಅವಳ ಮುಖಕ್ಕೆ ಬ್ಯಾಟರಿ ಬಿಟ್ಟು, ಮುಟ್ಟದೆ, ಬೆಳಕಿನಿಂದಲೇ ದಾರಿ ತೋರಿಸಿ ಆಚೆ ಕಳಿಸಿದ. ಹೊರಗೆ ಹೋಗುವಾಗ ಅವಳು ಅವನನ್ನು ಕೇಳಿದ್ದು ಒಂದೇ ಮಾತು: "ಈ ಆಟ ನಾಳೀಕೂ ಐತಾ?"

"ಇನ್ನೂ ಮೂರು ದಿನ ಐತೆ."

"ಬತ್ತೀನಿ," ಅಂದಳು.

ಹಳ್ಳಿಮೈಸೂರಿಗೆ ಟೆಂಟು ಬಂದದ್ದು ಆ ವರ್ಷದ ಸುಗ್ಗಿ ಮುಗಿದ ಮೇಲೆ. ಅದಕ್ಕೆ ಎರಡು ವರ್ಷ ಮೊದಲು ಅದೇ ಸಿನಿಮಾದ ಕಂಪನಿಯವರು ಜಿನನಾಥಪುರದ ಬಯಲಿನಲ್ಲಿ ಬಿಡಾರ ಹೂಡಿ ಯುದ್ಧದ ಭಾಗಗಳನ್ನು ತೆಗೆದಿದ್ದರು. ಅವರಿಗೆ ಬೇಕಾದ ಎತ್ತು, ಗಾಡಿ, ಕತ್ತಿ, ಹಳೆಯ ಹಿತ್ತಾಳೆ ಸಾಮಾನು ಎಲ್ಲವನ್ನೂ ಸುತ್ತಮುತ್ತ ಹುಡುಕಿ ಒದಗಿಸುತ್ತಿದ್ದವನು ಹೊಳೆನರಸೀಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಸಂಪತ್ಕುಮಾರ. ದೇವಸ್ಥಾನದ ಬೀದಿಯವನು, ಮೆತ್ತಗೆ ಮಾತಾಡುವವನು. ಒಂದು ಬೆಳಿಗ್ಗೆ ಅವನ ಜೀಪು ಕೇರಿಯ ಬಾಯಲ್ಲಿ ಬಂದು ನಿಂತಿತು. ಒಳಗೆ ಬರಲಿಲ್ಲ. ಮುದ್ದಮ್ಮನ ಗಂಡ ಬೈರಯ್ಯನನ್ನು ಅಲ್ಲಿಗೇ ಕರೆಸಿದ.

ಬೈರಯ್ಯನ ಕೊಂಬು ಆ ಕಡೆಗೆಲ್ಲ ಹೆಸರಾದದ್ದು. ಐದು ತುಂಡು ಸೇರಿಸಿ ನಿಲ್ಲಿಸಿದರೆ ಆಳಿಗಿಂತ ಎತ್ತರ, ಬಿದಿಗೆ ಚಂದ್ರನ ಹಾಗೆ ಬಾಗಿದ ತಾಮ್ರ. ಅವನ ಅಪ್ಪ ಲಕ್ಕಯ್ಯ ಊದಿದ್ದ, ಲಕ್ಕಯ್ಯನ ಅಪ್ಪನೂ ಊದಿದ್ದ. ಊರವರ ಸಾವಿಗೂ ಅದೇ ಕೊಂಬು, ಕೇರಿಯ ಸಾವಿಗೂ ಅದೇ ಕೊಂಬು. ಒಂದು ಸಲ ಲಕ್ಕಯ್ಯ ಗೌಡರ ಗಾಡಿಗೆ ಬೇಗ ದಾರಿ ಬಿಡಲಿಲ್ಲವೆಂದು ಗೌಡರ ಆಳು ಕೊಂಬನ್ನು ಕಸಿದು ನೆಲಕ್ಕೆ ಹಾಕಿ ತುಳಿದಿದ್ದ. ಅಗಲದ ಬಾಯಿ ಸೀಳಿಹೋಗಿತ್ತು. ಲಕ್ಕಯ್ಯ ಅದಕ್ಕೆ ವೀಳ್ಯದೆಲೆಯಂಥ ತೇಪೆ ಹಾಕಿಸಿದ್ದ. ಮುದ್ದಮ್ಮ ಮದುವೆಯಾಗಿ ಬಂದ ಮೇಲೆ ಪ್ರತಿ ಅಮಾವಾಸ್ಯೆಗೂ ಹುಣಸೆಹಣ್ಣು, ಬೂದಿ ಹಾಕಿ ಆ ಕೊಂಬನ್ನು ತಿಕ್ಕುತ್ತಿದ್ದಳು. ಮೂವತ್ತು ವರ್ಷ ತಿಕ್ಕಿದ ಕೈಗೆ ಅದರ ತಗ್ಗು ಉಬ್ಬು ಕಣ್ಣು ಮುಚ್ಚಿದರೂ ಗೊತ್ತಿತ್ತು.

"ರಾಜ ಯುದ್ಧಕ್ಕೆ ಹೊರಡುವಾಗ ಕೊಂಬು ಊದೋ ಸೀನಿದೆ, ಬೈರಯ್ಯ. ನಿನ್ನ ಕೊಂಬು ಇಡೀ ದೇಶ ನೋಡುತ್ತೆ. ಎಂಟು ದಿನ. ನಾನೇ ತಂದುಕೊಡ್ತೀನಿ," ಎಂದಿದ್ದ ಸಂಪತ್ಕುಮಾರ. ಬೈರಯ್ಯನೇ ಕೊಂಬನ್ನು ಗೋಣಿಯಲ್ಲಿ ಸುತ್ತಿ ಜೀಪಿನ ಹಿಂದುಗಡೆ ಇಟ್ಟಿದ್ದ. ಸಂಪತ್ಕುಮಾರ ಅತ್ತ ತಿರುಗಿಯೂ ನೋಡಿರಲಿಲ್ಲ.

ಎಂಟು ದಿನ ತಿಂಗಳಾಯಿತು. ಬೈರಯ್ಯ ಎರಡು ಸಲ ಹೊಳೆನರಸೀಪುರಕ್ಕೆ ನಡೆದುಹೋಗಿ ಸ್ಟುಡಿಯೊ ಮುಂದೆ ನಿಂತು ಬಂದ. ಮೂರನೆಯ ಸಲ ಸಂಪತ್ಕುಮಾರ, "ಏನು ಹೇಳೋದಪ್ಪ, ಸಾಮಾನಿನ ಲಾರಿ ಚನ್ನರಾಯಪಟ್ಟಣದ ದಾರೀಲಿ ಕೆರೆಗೆ ಮಗುಚಿಕೊಂಡಿತು. ನಿನ್ನ ಕೊಂಬೂ ಅದರಲ್ಲೇ ಇತ್ತು," ಅಂದ. ಯಾವ ಕೆರೆ ಎಂದು ಬೈರಯ್ಯ ಕೇಳಿದ. ಸಂಪತ್ಕುಮಾರ ಬಾಯಿಗೆ ಬಂದ ಒಂದು ಕೆರೆಯ ಹೆಸರು ಹೇಳಿದ.

ಬೈರಯ್ಯ ಆ ಕೆರೆಗೆ ಹೋದ. ಎರಡು ದಿನ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ಕೆಸರು ತಡಕಿದ. ಮಳೆಗಾಲ ಮುಗಿಯುತ್ತಿದ್ದ ದಿನಗಳು, ಮೊದಲೇ ಕೆಮ್ಮು. ಮೂರನೆಯ ದಿನ ಯಾರದೋ ಗಾಡಿಯಲ್ಲಿ ಅವನನ್ನು ಮನೆಗೆ ತಂದು ಇಳಿಸಿದರು. ಒಂಬತ್ತು ದಿನ ಜ್ವರ. ಸಾಯುವ ಮುಂಚೆ ಅವನು ಹೆಂಡತಿಗೆ ಹೇಳಿದ್ದು, "ತೂಬಿನ ತಾವ ನೋಡ್ಲಿಲ್ಲ ಕಣೆ. ಅಲ್ಲೇ ಇದ್ದೀತು," ಎಂದು. ಅವನ ಮಣ್ಣಿಗೆ ಬರೀ ತಮಟೆ ಬಡಿದರು.

ಪರದೆಯ ಮೇಲೆ ಕೊಂಬು ಕಂಡ ಮಾರನೆಯ ಸಂಜೆ ಮುದ್ದಮ್ಮ ಒಬ್ಬಳೇ ಟೆಂಟಿಗೆ ಹೋದಳು. ಪರದೆಗೆ ಇನ್ನೂ ಹತ್ತಿರ ಕೂತಳು. ಕಥೆಯ ಕಡೆಗೆ ಅವಳ ಗಮನವಿರಲಿಲ್ಲ. ರಾಜನ ಮುಖ ದೊಡ್ಡದಾಗಿ ಬಂದಾಗಲೆಲ್ಲ ಅವಳು ಅವನ ಹಣೆಯ ಮೇಲ್ಗಡೆ ನೋಡಿದಳು. ಅಂಗೈಯಷ್ಟಿದ್ದ ತೇಪೆ ಪರದೆಯ ಮೇಲೆ ಮೊರದಗಲ ಕಾಣುತ್ತಿತ್ತು. ತೇಪೆಯ ನಾಲ್ಕು ಮೊಳೆಗಳಲ್ಲಿ ಮೂರು ಕಂಡವು. ನಾಲ್ಕನೆಯದಿರಬೇಕಾದ ಜಾಗದಲ್ಲಿ ದೊಡ್ಡ ಹರಳೊಂದು ಹೊಳೆಯುತ್ತಿತ್ತು. ಸೇನಾಪತಿ ಕೈಯೆತ್ತಿದಾಗ ಅವನ ಮುಂಗೈ ಕವಚ ಕಂಡಿತು. ಕೊಂಬಿನ ಎರಡನೆಯ ತುಂಡನ್ನು ಉದ್ದಕ್ಕೆ ಸೀಳಿ ಎರಡು ಮಾಡಿದ್ದರು. ರಾಣಿಯ ಡಾಬಿನ ನಡುವೆ ಇದ್ದ ಮೂರು ಬಳೆಗಳು ತುಂಡು ತುಂಡು ಸೇರುವ ಕಡೆ ಇದ್ದ ಕಟ್ಟುಗಳು. ರಾಜ ಯುದ್ಧಕ್ಕೆ ಹೊರಟ. ಆಗ ಊದಿದ್ದು ಶಂಖ.

ಆಟ ಬಿಟ್ಟ ಮೇಲೆ ಅವಳು ಸೀದಾ ಮೈದುನ ಕೆಂಚಯ್ಯನ ಮನೆಗೆ ಹೋದಳು. ಕೆಂಚಯ್ಯ ಹಳೇಕೋಟೆಯ ಶಾಲೆಯಲ್ಲಿ ಮೇಷ್ಟ್ರು. ನಾಲ್ಕು ವರ್ಷದ ಕೆಳಗೆ ಮನೆಯ ಗೋಡೆಗೆ ಬುದ್ಧನ ಪಟ ಹಾಕಿದ್ದ. ಸತ್ತ ದನ ಹೊರುವುದು, ಊರವರ ಹೆಣದ ಮುಂದೆ ವಾದ್ಯ ನುಡಿಸುವುದು ಬಿಡಬೇಕೆಂದು ಕೇರಿಯಲ್ಲಿ ಹೇಳಿಕೊಂಡು ಬಂದಿದ್ದ. ಆ ಕೊಂಬಿನ ಸಲುವಾಗಿಯೇ ಅಣ್ಣನ ಜೊತೆ ಮಾತು ಬಿಟ್ಟಿದ್ದ. ಅಣ್ಣ ಸತ್ತ ದಿನ ಮತ್ತೆ ಹೊಸಿಲು ತುಳಿದಿದ್ದ.

ಅತ್ತಿಗೆ ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ. "ಓಗ್ಲಿ ಬುಡತ್ತಿಗೆ," ಅಂದ ಕೊನೆಗೆ. "ನಮ್ಮಪ್ಪನ್ನ, ನಮ್ಮಣ್ಣನ್ನ ಊರೋರ ಹೆಣದ ಮುಂದೆ ನಡೆಸಿದ ಕೊಂಬು ಅದು. ನಾನೇ ಎಸೀಬೇಕು ಅಂತಿದ್ದೆ."

"ಎಸಿ," ಅಂದಳು ಮುದ್ದಮ್ಮ. "ನೀನು ಎಸುದ್ರೆ ನಾನು ತಡೀತಿರ್ಲಿಲ್ಲ. ನಿಮ್ಮಣ್ಣ ಬುಟ್ಟಿದ್ರೂ ಸೈ ಅಂತಿದ್ದೆ. ಬುಡೋದಾದ್ರೆ ನಾವು ಬುಡ್ಬೇಕು ಕಣಪ್ಪ. ಸುಳ್ಳೇಳಿ ತಗಂಡೋಗಿ ಕುಯ್ದು, ಆಮೇಕೆ ನೀರ್ಗ್ ಬಿತ್ತು ಅಂತ ಅವನ ಕೈಲಿ ಕೆರೆ ತಡಕಿಸ್ತಾರೆ ಅಂದ್ರೆ?"

ಕೆಂಚಯ್ಯ ಮರುದಿನ ಸಂಜೆ ತಾನೂ ಟೆಂಟಿಗೆ ಬಂದ. ಅತ್ತಿಗೆ ಒಂದೊಂದಾಗಿ ತೋರಿಸಿದ್ದನ್ನು ನೋಡಿದ. ತೇಪೆಯನ್ನು ಅವನೂ ಗುರುತಿಸಿದ. ಚಿಕ್ಕಂದಿನಲ್ಲಿ ಅದರ ಮೇಲೆ ಬೆರಳಾಡಿಸಿದವನೇ. ಆಟ ಮುಗಿದ ಮೇಲೆ ಯಂತ್ರದ ಗಂಗಯ್ಯನ ಹತ್ತಿರ ಹೋಗಿ, ಈ ಸಿನಿಮಾದ ಉಡುಪು ಒಡವೆಗಳೆಲ್ಲ ಈಗ ಎಲ್ಲಿರುತ್ತವೆ ಎಂದು ವಿಚಾರಿಸಿದ.

"ಇದರದಾ? ಇದಕ್ಕೆ ಸಾಮಾನು ಮಾಡ್ದೋನು ಷಡಕ್ಷರಿ ಅಂತ ಕಣ್ರೀ ಮೇಷ್ಟ್ರೆ. ಕಂಪನಿ ಮುಚ್ಚೋಯ್ತು, ಸಂಬಳದ ಬದಲು ಪೆಟ್ಟಿಗೆ ಪೆಟ್ಟಿಗೆ ಸಾಮಾನು ಕೊಟ್ಟು ಕಳಿಸಿದ್ರಂತೆ. ಈಗ ಒಂದು ನಾಟಕದ ಕಂಪನಿ ಜೊತೆ ಚನ್ನರಾಯಪಟ್ಟಣದಲ್ಲಿದ್ದಾನೆ," ಅಂದ ಗಂಗಯ್ಯ.

ಅಲ್ಲಿಗೆ ಹೋಗುವ ಮುಂಚೆ ಸಂಪತ್ಕುಮಾರನನ್ನು ಒಂದು ಮಾತು ಕೇಳಬೇಕೆಂದಳು ಮುದ್ದಮ್ಮ. ಭಾನುವಾರ ಬೆಳಿಗ್ಗೆ ಇಬ್ಬರೂ ಹೊಳೆನರಸೀಪುರಕ್ಕೆ ಹೋದರು. ದೇವಸ್ಥಾನದ ಬೀದಿಯಲ್ಲಿ ಅವನ ಮನೆ. ಜಗಲಿಯ ಮೇಲೆ ಅವನ ತಾಯಿ ಶ್ರೀರಂಗಮ್ಮ ಹೂವು ಕಟ್ಟುತ್ತಿದ್ದರು. ಇವರು ಬೀದಿಯಲ್ಲೇ ನಿಂತರು. ಸಂಪತ್ಕುಮಾರ ಹೊರಗೆ ಬಂದು, ಯಾರೆಂದು ಗುರುತಾಗಿ, ಬೀದಿಯ ಎರಡೂ ಕಡೆ ನೋಡಿದ.

"ಎಲ್ಲಾ ಕಿರೀಟಾನೂ ಹಾಗೇ ಇರುತ್ತಮ್ಮ. ಅದು ರಟ್ಟು. ರಟ್ಟಿಗೆ ಬಣ್ಣ ಹೊಡೆದಿರ್ತಾರೆ," ಅಂದ.

"ರಟ್ಟಿಗ್ಯಾಕೆ ಸಾ ತೇಪೆ ಆಕ್ತಾರೆ?"

"ನೋಡು, ನಿನ್ನ ಗಂಡ ಹೋದದ್ದು ನನಗೂ ದುಃಖವೇ. ಹಾಗಂತ ಕಂಡಕಂಡಲ್ಲಿ ಕೊಂಬು ಕಂಡ್ರೆ ನಾನೇನು ಮಾಡಲಿ?"

ಶ್ರೀರಂಗಮ್ಮ ಹೂವಿನ ಬುಟ್ಟಿ ಬದಿಗಿಟ್ಟರು. "ಯಾವ ಕಿರೀಟವೋ ಸಂಪತ್ತು? ಸ್ವಾಮಿಗೆ ಒಪ್ಪಿಸ್ತಾನಲ್ಲ, ಅದಾ? ಹೋದ ವರ್ಷ ಹಾಸನದಲ್ಲಿ ನೋಡಿದಾಗ ನನಗೆ ಕಣ್ಣಲ್ಲಿ ನೀರು ಬಂದುಬಿಡ್ತು. ಅಷ್ಟು ಚೆನ್ನಾಗಿತ್ತು. ಕೈ ಮುಗಿದೆ."

"ನಮ್ ಕೊಂಬಿಗೇ ಕಣವ್ವ ನೀವು ಕೈ ಮುಗಿದಿದ್ದು," ಅಂದಳು ಮುದ್ದಮ್ಮ.

ಶ್ರೀರಂಗಮ್ಮನ ಮುಖ ಬಿಳಿಚಿಕೊಂಡಿತು. ಸಂಪತ್ಕುಮಾರ ಎರಡು ಮೆಟ್ಟಿಲು ಇಳಿದು ಬಂದು ದನಿ ತಗ್ಗಿಸಿದ. "ಈ ಮಾತು ಬೀದೀಲೆಲ್ಲ ಆಡಿಕೊಂಡು ತಿರುಗಬೇಡಿ. ಮೇಷ್ಟ್ರೆ, ನೀವು ಓದಿದವರು. ಸರ್ಕಾರಿ ಕೆಲಸದಲ್ಲಿದ್ದೀರಿ. ಯೋಚನೆ ಮಾಡಿ."

ಕೆಂಚಯ್ಯನ ಮುಖ ಕೆಂಪಾಯಿತು. ಇಷ್ಟು ಹೊತ್ತು ಅತ್ತಿಗೆಯ ಹಿಂದೆ ನಿಂತಿದ್ದವನು ಮುಂದೆ ಬಂದ. "ಯೋಚನೆ ಮಾಡೇ ಬಂದಿದ್ದೀನಿ. ಮತ್ತೆ ಬರ್ತೀವಿ," ಅಂದ.

ಚನ್ನರಾಯಪಟ್ಟಣದಲ್ಲಿ ನಾಟಕದ ಕಂಪನಿ ಸಂತೆ ಮೈದಾನದ ಪಕ್ಕ ತಗಡಿನ ಚಪ್ಪರ ಹಾಕಿತ್ತು. ಇವರು ಅಲ್ಲಿಗೆ ತಲುಪಿದಾಗ ಅದೇ ದಿನ ಮಧ್ಯಾಹ್ನ ಮೂರು ಗಂಟೆ. ಚಪ್ಪರದ ಹಿಂದೆ, ಪೆಟ್ಟಿಗೆಗಳ ನಡುವೆ ಷಡಕ್ಷರಿ ಕೂತು ಒಂದು ಎದೆಕವಚಕ್ಕೆ ಕನ್ನಡಿ ಚೂರು ಅಂಟಿಸುತ್ತಿದ್ದ. ಐವತ್ತು ದಾಟಿದ ಬಡಕಲು ಮನುಷ್ಯ, ಹಣೆಯಲ್ಲಿ ವಿಭೂತಿ, ಬೆರಳ ತುಂಬ ಸರೇಸಿನ ಅಂಟು. ಕೆಂಚಯ್ಯ ವಿಷಯ ಹೇಳಿದ. ಷಡಕ್ಷರಿ ತಲೆಯೆತ್ತದೆ ಕೇಳಿದ.

"ಅದು ನನ್ನ ಕಿರೀಟ. ಏಳು ದಿನ ಕೂತು ಮಾಡಿದ್ದು. ಕಂಪನೀಲಿ ನಾನು ಮಾಡಿದ್ರಲ್ಲೆಲ್ಲ ಅದೇ ಒಳ್ಳೇದು. ಯಾರೋ ಬಂದು ನಮ್ಮದು ಅಂದ್ರೆ ಕೊಟ್ಟುಬಿಡೋಕಾಗುತ್ತಾ?"

"ಕೊಡ್ಬ್ಯಾಡಿ," ಅಂದಳು ಮುದ್ದಮ್ಮ. "ಪೆಟ್ಟಿಗೇಲೇ ಇರ್ಲಿ. ನಾನು ಮುಟ್ಟಾಕಿಲ್ಲ. ಅದ್ರ ಮೇಲೆ ನೀವೊಂದು ದೊಡ್ಡ ಅರಳು ಮಡಗಿದ್ದೀರಲ್ಲ, ಅದ್ನ ನಡುಮಧ್ಯ ಮಡಗದೆ ಯಾಕೆ ಒಸಿ ಎಡಕ್ಕೆ ಮಡಗಿದ್ರಿ?"

ಷಡಕ್ಷರಿಯ ಕೈ ನಿಂತಿತು.

"ಅಲ್ಲಿ ತೂತಿತ್ತು, ಅದಕ್ಕೆ," ಎಂದು ಅವಳೇ ಹೇಳಿದಳು. "ತೇಪೆ ಮೊಳೆ ನಾಕು. ಒಂದು ಉದುರೋಗಿ ತೂತಾಗಿತ್ತು. ನಾನು ತಿಕ್ಕುವಾಗ ಬೆರಳು ಸಿಗೋದು. ಒಳ್ಗಡೆ ಮಕಮಲ್ ಬಟ್ಟೆ ಅಂಟ್ಸಿದ್ದೀರಲ್ಲ, ಕಿತ್ತು ನೋಡಿ. ಅಂಚಿನಾಗೆ ಮೂರು ತಗ್ಗು ಅವೆ, ಪಕ್ಕಪಕ್ಕದಾಗೆ. ನಮ್ಮೆಜಮಾನ್ರು ಊದಿ ಸುಸ್ತಾದ್ರೆ ಯಾವಾಗ್ಲೂ ಅದೇ ಬದಿ ಕಲ್ಲಿಗೆ ಊರೋರು. ಅದ್ರ ಪಕ್ಕ ನಮ್ಮಾವ ಮೊಳೇಲಿ ಒಂದು ಗೀಟು ಆಕಿ, ಸುತ್ತ ಸೊನ್ನೆ ಸುತ್ತವ್ರೆ. ಅಕ್ಷರ ಬರ್ತಿರ್ಲಿಲ್ಲ ಅವ್ರಿಗೆ. ಅದೇ ಅವರ ಹೆಸರು."

ಷಡಕ್ಷರಿ ಎದ್ದು ಪೆಟ್ಟಿಗೆಯ ಮುಚ್ಚಳ ತೆಗೆದು ಕಿರೀಟವನ್ನು ಹೊರಗೆ ತೆಗೆದ. ಹಗಲಿನ ಬೆಳಕಿನಲ್ಲಿ ಅದು ಸಣ್ಣದಾಗಿ ಕಾಣುತ್ತಿತ್ತು. ಚಿನ್ನದ ಬಣ್ಣ ಅಲ್ಲಲ್ಲಿ ಏಳುತ್ತಿತ್ತು. ಅವನು ಉಳಿಯ ತುದಿಯಿಂದ ಹರಳನ್ನು ಎಬ್ಬಿಸಿದ. ಕೆಳಗೆ ತೂತು. ಒಳಗಿನ ಮಖಮಲ್ಲಿನ ಅಂಚನ್ನು ಹಿಡಿದು ಕಿತ್ತ. ಸರೇಸಿನ ಕಂದು ಪದರದ ಅಡಿ ಮೂರು ತಗ್ಗು ಕಂಡವು. ಬೆರಳಿಗೆ ಎಂಜಲು ಹಚ್ಚಿಕೊಂಡು ಪಕ್ಕದಲ್ಲಿ ಉಜ್ಜಿದ. ಒಂದು ಗೀಟು, ಸುತ್ತ ಸೊನ್ನೆ.

"ಹಳೇ ತಾಮ್ರ ಅಂತ ಕೊಟ್ಟರು," ಅಂದ ಷಡಕ್ಷರಿ. "ಊದೋನು ಸತ್ತುಹೋಗಿದ್ದಾನೆ, ಹಿಂದೆ ಮುಂದೆ ಯಾರೂ ಇಲ್ಲ ಅಂದ್ರು ಆ ಫೋಟೊ ಸ್ಟುಡಿಯೊದವರು."

"ಯಾವತ್ತು?" ಎಂದು ಕೇಳಿದ ಕೆಂಚಯ್ಯ.

ಷಡಕ್ಷರಿ ನೆನಪು ಮಾಡಿಕೊಂಡ. ಗೌರಿಹಬ್ಬಕ್ಕೆ ಮುಂಚೆ ಕುಯ್ದು ಮುಗಿಸಿದ್ದ. ಹಬ್ಬದ ಮಾರನೆ ದಿನ ಕಿರೀಟ ಇಟ್ಟುಕೊಂಡು ರಾಜನ ಪಾತ್ರದವನು ಕುದುರೆ ಹತ್ತಿದ್ದ. ಅದು ಚೆನ್ನಾಗಿ ನೆನಪಿದೆ ಅಂದ.

ಬೈರಯ್ಯ ಕೆರೆಗೆ ಇಳಿದದ್ದು ಗೌರಿಹಬ್ಬ ಕಳೆದು ಇಪ್ಪತ್ತು ದಿನಕ್ಕೆ. ಮುದ್ದಮ್ಮ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತಳು. ಅವನು ನೀರಿನಲ್ಲಿ ನಿಂತು ಕಾಲಿನಿಂದ ತಡಕುತ್ತಿದ್ದಾಗ ಕೊಂಬು ಒಬ್ಬ ವೇಷದವನ ತಲೆಯ ಮೇಲಿತ್ತು.

"ಕೊಂಬು ಅಂತ ನಿಮ್ಗೆ ಗೊತ್ತಿತ್ತು," ಅಂದಳು ಷಡಕ್ಷರಿಗೆ. "ಊದೋ ವಾದ್ಯ. ಗೊತ್ತಿದ್ದೂ ಕುಯ್ದ್ರಿ."

ಷಡಕ್ಷರಿ ನೆಲ ನೋಡಿದ. "ಗೊತ್ತಿತ್ತಮ್ಮ. ಗರಗಸ ಹಾಕೋವಾಗ ಒಂದು ಸಲ ಕೈ ತಡೀತು. ಆಮೇಲೆ ಹಾಕಿದೆ." ಉಳಿಯನ್ನು ಕೆಳಗಿಟ್ಟು, "ನೀನು ಏನು ಅಂದ್ರೂ ನಾನು ಕೇಳಿಸ್ಕೊಬೇಕು," ಅಂದ.

ಅವನೇ ಪೆಟ್ಟಿಗೆಗಳನ್ನೆಲ್ಲ ತೆಗೆದು ಕೈಕವಚಗಳನ್ನೂ ಡಾಬಿನ ಬಳೆಗಳನ್ನೂ ಹುಡುಕಿದ. ಇನ್ನೆರಡು ಕೊಳವೆಗಳಲ್ಲಿ ಒಂದು ಗದೆಯ ಹಿಡಿಯಾಗಿತ್ತು. ಇನ್ನೊಂದು ಬಿಲ್ಲುಗಾರನ ಬತ್ತಳಿಕೆಯ ಅಡಿಗೆ ಸೇರಿತ್ತು. ಊದುವ ತುದಿ, ಅದರ ಕಟ್ಟು ಮಾತ್ರ ಸಿಗಲಿಲ್ಲ. ರಾಜದಂಡದ ತಲೆಗೆ ಹಾಕಿದ್ದು, ಸಿನಿಮಾ ಕಂಪನಿಯ ಮದ್ರಾಸಿನ ಉಗ್ರಾಣದಲ್ಲೇ ಉಳಿಯಿತು ಎಂದ. ಆ ಹೊತ್ತಿಗೆ ನಾಟಕದ ಕಂಪನಿಯ ಮ್ಯಾನೇಜರು ಬಂದು, ರಾತ್ರಿ ನಾಟಕಕ್ಕೆ ರಾಜನ ತಲೆಗೆ ಏನು ಹಾಕುತ್ತೀಯ ಎಂದು ರೇಗಿದ. "ರಟ್ಟು," ಅಂದ ಷಡಕ್ಷರಿ. ಒಂದು ಹಾಳೆಯಲ್ಲಿ ಕೊಂಬನ್ನು ತನಗೆ ಕೊಟ್ಟವರು ಯಾರು, ಯಾವಾಗ, ಏನು ಹೇಳಿ ಕೊಟ್ಟರು ಎಂದು ಬರೆದು ಸಹಿ ಹಾಕಿ ಕೆಂಚಯ್ಯನ ಕೈಗೆ ಕೊಟ್ಟ. ಕೆಂಚಯ್ಯ ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ.

"ಅರ್ಜಿ ಬರೀತೀನಿ ಅತ್ತಿಗೆ. ಡಿಸಿ ಸಾಹೇಬರ ತನಕ ಹೋಗಾನ," ಅಂದ ಬಸ್ಸಿನಲ್ಲಿ.

"ಬರಿ. ನಾನು ಮೊದ್ಲು ಆ ಬೀದಿಗೆ ಓಗ್ಬೇಕು."

ಮರುದಿನ ಬಿಸಿಲೇರುವ ಮುಂಚೆಯೇ ಅವಳು ದೇವಸ್ಥಾನದ ಬೀದಿಯಲ್ಲಿದ್ದಳು. ಕೆಂಚಯ್ಯ ಶಾಲೆಗೆ ರಜೆ ಬರೆದು ಜೊತೆಗೆ ಬಂದಿದ್ದ. ಸಂಪತ್ಕುಮಾರನ ಮನೆಯ ಎದುರಿಗೆ, ಬೀದಿಯ ನಡುವೆ ಮುದ್ದಮ್ಮ ತನ್ನ ಹಳೆಯ ಸೀರೆಯೊಂದನ್ನು ಉದ್ದಕ್ಕೆ ಹಾಸಿದಳು. ಅದರ ಮೇಲೆ ಕೊಂಬಿನ ಚೂರುಗಳನ್ನು ಅವು ಹಿಂದೆ ಇದ್ದ ಕ್ರಮದಲ್ಲಿ ಇಟ್ಟಳು. ಸೀಳಿದ ಎರಡು ಕವಚಗಳನ್ನು ಜೋಡಿಸಿ ಹಿಡಿದು ದಾರ ಸುತ್ತಿದಳು. ಮೂರು ಬಳೆ ಅವುಗಳ ಜಾಗದಲ್ಲಿ. ಕೊನೆಗೆ ಕಿರೀಟವನ್ನು ಮಗ್ಗುಲಾಗಿ ಮಲಗಿಸಿದಳು. ಊದುವ ತುದಿಯಿರಬೇಕಾದ ಕಡೆ ಒಂದು ಗೇಣು ಜಾಗ ಬಿಟ್ಟಳು. ಚೂರು ಚೂರಾಗಿದ್ದರೂ, ಅಂಟು ಬಣ್ಣ ಮೆತ್ತಿಕೊಂಡಿದ್ದರೂ, ಬೀದಿಯಲ್ಲಿ ಬಿದ್ದಿರುವುದು ಕೊಂಬು ಎಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಅದರ ಪಕ್ಕ ಅವಳು ಕೂತಳು.

ದೇವಸ್ಥಾನಕ್ಕೆ ಹೊರಟವರು ಸುತ್ತು ಬಳಸಿ ಹೋಗಬೇಕಾಯಿತು. ಒಬ್ಬರು ಕೇಳಿದರು, ಇದೇನು? ಅವಳು ಹೇಳಿದಳು. ಇನ್ನೊಬ್ಬರು ಕೇಳಿದರು, ಅವರಿಗೂ ಹೇಳಿದಳು. ಏರುದನಿಯಿಲ್ಲ, ಅಳುವಿಲ್ಲ. ಇದು ಕೊಂಬಿನ ಬಾಯಿ, ರಾಜನ ಕಿರೀಟ ಆಗಿತ್ತು. ಇದು ಎರಡನೇ ತುಂಡು, ಸೇನಾಪತಿ ಕೈಗೆ ಹಾಕಿದ್ದರು. ಲಾರಿ ಕೆರೆಗೆ ಬಿತ್ತು ಅಂದರು, ನನ್ನ ಗಂಡ ಕೆರೆಗಿಳಿದು ಹುಡುಕಿ ಸತ್ತ. ಅಷ್ಟೆ. ಮತ್ತೊಬ್ಬರು ಬಂದರೆ ಮತ್ತೆ ಮೊದಲಿನಿಂದ. ಕೆಲವರು ಛೆ ಅಂದರು. ಕೆಲವರು ಈ ಜನಕ್ಕೆ ಈಗ ಬಹಳ ಸಲಿಗೆ ಬಂತು ಅಂದರು. ಸಿನಿಮಾ ನೋಡಿದ್ದವರು ಬಗ್ಗಿ ಕಿರೀಟ ನೋಡಿ, ಹೌದಲ್ಲ, ಅದೇ, ಅಂದರು. ಹಾಗಂದವರಲ್ಲಿ ಒಬ್ಬರು ತಾವು ಅದಕ್ಕೆ ಕೈ ಮುಗಿದದ್ದು ನೆನಪಾಗಿ ಬೇಗ ಬೇಗ ಹೊರಟುಹೋದರು.

ಹನ್ನೊಂದು ಗಂಟೆಗೆ ಸಂಪತ್ಕುಮಾರ ಬಾಗಿಲಿಗೆ ಬಂದ. "ಹೊಸ ಕೊಂಬು ಮಾಡಿಸಿಕೊಡ್ತೀನಿ. ಇದನ್ನ ಎತ್ತಿಕೊಂಡು ಹೋಗಿ," ಅಂದ.

"ಒಸದು ಬ್ಯಾಡ."

"ಇನ್ನೇನು ಬೇಕು?"

"ಅವತ್ತು ಲಾರಿ ಮಗುಚಿಲ್ಲ ಅಂತ ಯೋಳಿ."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಿಸಿಲು ನೆತ್ತಿಗೆ ಬಂತು. ತಾಮ್ರ ಕಾದಿತು. ಬೀದಿಯ ಮನೆಗಳಲ್ಲಿ ಊಟವಾಯಿತು, ಎಲೆಗಳು ಹೊರಗೆ ಬಿದ್ದವು. ಪೊಲೀಸಿನವರಿಗೆ ಹೇಳಿಕಳಿಸಿ ಎಂದು ಯಾರೋ ಅಂದದ್ದು ಕೇಳಿಸಿತು. ಕೆಂಚಯ್ಯ ಜೇಬಿನಿಂದ ಷಡಕ್ಷರಿಯ ಹಾಳೆ ತೆಗೆದು, "ಕಳಿಸಿ, ಅವರಿಗೂ ಓದಿ ಹೇಳ್ತೀನಿ," ಅಂದ. ಯಾರೂ ಹೋಗಲಿಲ್ಲ. ಮುದ್ದಮ್ಮ ಕೂತಲ್ಲಿಂದ ಕದಲಲಿಲ್ಲ. ಮಾತಾಡಿ ಮಾತಾಡಿ ಅವಳ ದನಿ ಒಡೆದು ಗೊಗ್ಗರಾಗಿತ್ತು.

ಮೂರು ಗಂಟೆಯ ಹೊತ್ತಿಗೆ ಬಾಗಿಲು ತೆರೆದದ್ದು ಶ್ರೀರಂಗಮ್ಮ. ಬೆಳಗಿನಿಂದ ಅವರು ಕಿಟಕಿಯ ಹಿಂದೆ ಕೂತು, ಆ ಒಂದೇ ಕಥೆಯನ್ನು ನಲವತ್ತು ಸಲ ಕೇಳಿದ್ದರು. ಮಗನ ಕಡೆ ತಿರುಗಿ ಅಂದರು, "ಹೇಳಿಬಿಡೋ. ಸುಳ್ಳು ಹೇಳಿದ್ದು ನೀನು. ನಾನು ಎಷ್ಟು ಹೊತ್ತು ಕೇಳಿಸ್ಕೊಳ್ಳಲಿ?"

ಸಂಪತ್ಕುಮಾರ ಜಗಲಿಯ ಕಂಬದ ಹತ್ತಿರ ಬಂದು ನಿಂತ. ಬೀದಿಯಲ್ಲಿ ಆಗ ಇಪ್ಪತ್ತು ಮೂವತ್ತು ಜನ ಇದ್ದರು.

"ಲಾರಿ ಮಗುಚಿರಲಿಲ್ಲ," ಅಂದ, ಕಂಬಕ್ಕೆ ಹೇಳುವ ಹಾಗೆ.

"ಕೇಳಿಸ್ಲಿಲ್ಲ," ಅಂದಳು ಮುದ್ದಮ್ಮ.

"ಲಾರಿ ಮಗುಚಿರಲಿಲ್ಲ. ನಾನೇ ಮಾರಿದ್ದು."

"ಬೈರಯ್ಯ ಬದುಕಿದ್ದಾಗ."

"ಬದುಕಿದ್ದಾಗ," ಅಂದ. ಒಳಗೆ ಹೋದ.

ಮುದ್ದಮ್ಮ ಚೂರುಗಳನ್ನು ಒಂದೊಂದಾಗಿ ಆರಿಸಿ ಸೀರೆಯಲ್ಲಿ ಗಂಟು ಕಟ್ಟಿದಳು. ಏಳಲು ಹೋದಾಗ ಕಾಲು ಹಿಡಿದಿತ್ತು. ಕೆಂಚಯ್ಯ ಕೈ ಕೊಟ್ಟ. ಜನ ಸರಿದು ದಾರಿ ಬಿಟ್ಟರು, ಗೌರವಕ್ಕೋ ಮೈ ತಾಕೀತೆಂದೋ ಹೇಳುವಂತಿರಲಿಲ್ಲ. ಅವರು ತಿರುವು ದಾಟುವಾಗ ಹಿಂದೆ ಯಾರೋ ಬೀದಿಗೆ ಕೊಡದಿಂದ ನೀರು ಸುರಿಯುವ ಸದ್ದು ಕೇಳಿಸಿತು. ಕೆಂಚಯ್ಯ ತಿರುಗಿ ನೋಡಿದ. ಮುದ್ದಮ್ಮ ನೋಡಲಿಲ್ಲ.

ಹೇಮಾವತಿಯ ದಂಡೆಗೆ ಬಂದಾಗ ಬಿಸಿಲು ಇಳಿದಿತ್ತು. ಕೆಂಚಯ್ಯ ಗಂಟನ್ನು ಕಲ್ಲಿನ ಮೇಲಿಟ್ಟು ಪಕ್ಕದಲ್ಲಿ ಕೂತ.

"ಈಗ ಏನ್ ಮಾಡಾನ ಅತ್ತಿಗೆ ಇದ್ನ? ಕೂಡ್ಸೋಕಾಗಲ್ಲ. ಎಸೀರಿ ಅನ್ನೋಕೂ ಈಗ ನಂಗೆ ಬಾಯಿ ಬರಲ್ಲ."

"ತಡಿ," ಅಂದಳು ಮುದ್ದಮ್ಮ. "ಮೊದ್ಲು ಒಂದ್ ಬೊಗಸೆ ನೀರು ಕುಡೀತೀನಿ. ಬೆಳಿಗ್ಗಿಂದ ಗಂಟ್ಲಿಗೆ ಏನೂ ಇಳ್ದಿಲ್ಲ."

ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದಳು. ಬಗ್ಗಿ ಎರಡೂ ಕೈಯಲ್ಲಿ ಮೊಗೆದು ಕುಡಿದಳು. ಮತ್ತೊಮ್ಮೆ ಮೊಗೆದಳು, ಮತ್ತೊಮ್ಮೆ. ಆಚೆ ದಡದಲ್ಲಿ ಅಗಸರು ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದರು. ಉದ್ದನೆಯ ಬಿಳಿ ಪಂಚೆಯೊಂದರ ಎರಡು ತುದಿ ಹಿಡಿದು ಇಬ್ಬರು ಹೆಂಗಸರು ಹತ್ತಿರ ಹತ್ತಿರ ಬರುತ್ತಿದ್ದರು.